ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿಗೆ ಹೋಗುವುದು ಹೇಗೆ: ಊರಿಗೆ ಹೊರೆಯಾಗದ, ಊರವರಿಗೆ ನೆರವಾಗುವ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಬೈಲಕುಪ್ಪೆಗೆ ಹೋಗಿ ಬಂದವರ ದೂರುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಗೋಲ್ಡನ್ ಟೆಂಪಲ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಭಿಕ್ಷುಗಳ ವಾದ ನೋಡೋಣ ಅಂತ ಸೆರಾ ಮಠಕ್ಕೆ ಹೋದರೆ ಅಂಗಳ ಖಾಲಿ. ಟಿಬೆಟಿನದ್ದು ಅಂತ ಕೊಂಡು ತಂದ ಬಟ್ಟಲು ಮೈಸೂರಿನ ಫುಟ್‌ಪಾತಿನಲ್ಲೂ ಸಿಗುತ್ತದೆ. ಅಮೆರಿಕದಿಂದ ಬಂದ ಅಣ್ಣನಿಗೆ ರಾತ್ರಿ ತಂಗಲು ರೂಮ್ ಕೊಡಲಿಲ್ಲ. ಅಲ್ಲಿನ ಜನಕ್ಕೆ ಏನಾದರೂ ಉಪಯೋಗ ಆಗಲಿ ಅಂತ ಮನಸ್ಸಿಟ್ಟುಕೊಂಡು ಹೋದವರೂ ಕೊನೆಗೆ ಒಂದು ಕೋಲ್ಡ್‌ಡ್ರಿಂಕ್ ಕುಡಿದು, ನಾಲ್ಕು ಸೆಲ್ಫಿ ತೆಗೆದು ವಾಪಸ್ ಬರುತ್ತಾರೆ.

ಬಹುತೇಕರು ಎಡವುವುದು ಕೆಲಸಗಳ ಸರದಿಯಲ್ಲಿ. ದಿನ ಯಾವುದು ಅಂತ ನೋಡುವ ಮೊದಲೇ ಗಾಡಿ ಬುಕ್ ಆಗಿರುತ್ತದೆ. ಪರವಾನಗಿಯ ನೆನಪು ಬರುವುದು ರಿಸೆಪ್ಷನ್ ಮುಂದೆ ನಿಂತಾಗ. ಊಟ, ಖರೀದಿ, ದಾನ ಎಲ್ಲವೂ ಕೊನೆಯ ಅರ್ಧ ಗಂಟೆಗೆ ಬಿದ್ದಿರುತ್ತದೆ. ಆ ಸರದಿಯನ್ನು ಸರಿಪಡಿಸುವುದೇ ಈ ಬರಹದ ಕೆಲಸ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಇದು ಟಿಬೆಟ್ ಬಿಟ್ಟು ಬಂದ ನಿರಾಶ್ರಿತರು ನೆಲೆಸಿದ, ಜನ ಬದುಕುತ್ತಿರುವ ಊರು. ಮುಸುಕಿನ ಜೋಳದ ಹೊಲ, ಶಾಲೆ, ಆಸ್ಪತ್ರೆ, ವೃದ್ಧಾಶ್ರಮ, ಸಾವಿರಾರು ಭಿಕ್ಷುಗಳು ಓದುವ ಮಠಗಳು ಎಲ್ಲ ಇಲ್ಲಿವೆ. ಚಿನ್ನದ ಬಣ್ಣದ ಮೂರ್ತಿಗಳಿರುವ ದೇಗುಲ ಅದರೊಳಗಿನ ಒಂದು ಭಾಗ ಅಷ್ಟೇ. ನಿಮ್ಮ ದುಡ್ಡು ಕೆಲಸ ಮಾಡುವ ಕೈಗೆ ತಲುಪಿತಾ, ಓದುವವರಿಗೆ ತೊಂದರೆ ಆಗಲಿಲ್ವಾ, ಕಸ ಹಿಂದೆ ಉಳಿಯಲಿಲ್ವಾ ಅನ್ನುವ ಮೂರು ಪ್ರಶ್ನೆಗಳ ಮೇಲೆ ಮುಂದಿನ ಹಂತಗಳೆಲ್ಲ ನಿಂತಿವೆ.

ಹಂತ 1: ಇಡೀ ದಿನವನ್ನು ಒಂದೇ ಊರಿಗೆ ಇಡಿ

ದುಬಾರೆ, ಕಾವೇರಿ ನಿಸರ್ಗಧಾಮ, ಗೋಲ್ಡನ್ ಟೆಂಪಲ್, ಸಂಜೆಗೆ ಮಡಿಕೇರಿಯ ರಾಜಾಸೀಟ್. ಟ್ಯಾಕ್ಸಿಯವರು ಕೊಡುವ ಪಟ್ಟಿ ಇದು. ಇದರಲ್ಲಿ ಬೈಲಕುಪ್ಪೆಗೆ ಸಿಗುವುದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಊರಿಗೆ ಸಿಗುವುದು ಹೊಗೆ, ಹಾರ್ನ್ ಮತ್ತು ಪಾರ್ಕಿಂಗ್ ದುಡ್ಡು ಮಾತ್ರ.

ಈ ಪಟ್ಟಿಯನ್ನು ಮೊದಲು ಹರಿದು ಹಾಕಿ. ಬೆಳಿಗ್ಗೆಯಿಂದ ಸಂಜೆವರೆಗೆ ಬೈಲಕುಪ್ಪೆ ಒಂದೇ ಇರಲಿ. ಆಗುವುದಾದರೆ ಒಂದು ರಾತ್ರಿ ತಂಗಿ. ತಂಗಿದವರು ಎರಡು ಊಟ, ಒಂದು ತಿಂಡಿ, ಎರಡು ಆಟೊ ಸವಾರಿ ಅಂತ ಹಲವು ಮನೆಗಳಿಗೆ ಸ್ವಲ್ಪ ಸ್ವಲ್ಪ ಕೊಟ್ಟು ಬರುತ್ತಾರೆ. ಮಠಗಳು ನಡೆಸುವ ಅತಿಥಿಗೃಹಗಳಿವೆ. ಅಲ್ಲಿ ಕೊಡುವ ಬಾಡಿಗೆ ಮಠಕ್ಕೇ ಹೋಗುತ್ತದೆ, ಹಾಗಾಗಿ ನನ್ನ ಮೊದಲ ಆಯ್ಕೆ ಯಾವಾಗಲೂ ಅದೇ. ಕೋಣೆ ಸರಳವಾಗಿರುತ್ತದೆ, ರಾತ್ರಿ ಬೇಗ ಗೇಟ್ ಹಾಕಬಹುದು. ಫೋನ್ ಮಾಡಿದಾಗಲೇ ಕೇಳಿಕೊಳ್ಳಿ. ಮದ್ಯ, ಜೋರು ಹಾಡು ಇಲ್ಲದೆ ಇರಲಾಗದು ಅನ್ನುವ ಗುಂಪಾದರೆ ಕುಶಾಲನಗರದಲ್ಲೇ ತಂಗುವುದು ಎಲ್ಲರಿಗೂ ಒಳ್ಳೆಯದು.

ಹಂತ 2: ದಿನ ಆರಿಸಿ, ಆಮೇಲೆ ಗಾಡಿ

ವಾರದ ನಡುವಿನ ದಿನ, ಬೆಳಗಿನ ಹೊತ್ತು. ಇದಕ್ಕಿಂತ ದೊಡ್ಡ ಗುಟ್ಟು ಇಲ್ಲ. ಭಾನುವಾರ ಮತ್ತು ಸಾಲು ರಜೆಗಳಲ್ಲಿ ಗೋಲ್ಡನ್ ಟೆಂಪಲ್ ಇರುವ ನಾಮ್‌ಡ್ರೋಲಿಂಗ್ ಮಠದ ಅಂಗಳ ಜಾತ್ರೆಯಂತಾಗುತ್ತದೆ. ಆ ದಿನಗಳಲ್ಲಿ ಭಿಕ್ಷುಗಳು ಒಳದಾರಿ ಹಿಡಿದು ಓಡಾಡುತ್ತಾರೆ. ಅವರು ಮಾತಾಡಲಿಲ್ಲ ಅಂತ ಬೇಸರ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಟಿಬೆಟನ್ನರ ಪಂಚಾಂಗ ಚಂದ್ರಮಾನದ್ದು. ಹಬ್ಬಗಳ ಇಂಗ್ಲಿಷ್ ತಾರೀಖು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೊಸವರ್ಷ ಲೋಸಾರ್ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಅದರ ಮುಂಚಿನ ದಿನಗಳಲ್ಲಿ ನಾಮ್‌ಡ್ರೋಲಿಂಗ್‌ನಲ್ಲಿ ಮುಖವಾಡ ತೊಟ್ಟ ಭಿಕ್ಷುಗಳ ಛಾಮ್ ಕುಣಿತ ನಡೆಯುತ್ತದೆ. ನೋಡಲೇಬೇಕಾದದ್ದು, ಆದರೆ ಅದು ಪೂಜೆಯ ಭಾಗ ಅನ್ನುವುದು ನೆನಪಿರಲಿ. ಲೋಸಾರ್‌ನ ಮೊದಲ ದಿನಗಳು ಮನೆಮಂದಿಯ ದಿನಗಳು. ಅಂಗಡಿ, ಹೋಟೆಲ್ ಮುಚ್ಚಿರುತ್ತವೆ. ಯಾರಾದರೂ ಪರಿಚಯದವರು ಕರೆದಿದ್ದರೆ ಹೋಗಿ, ಸುಮ್ನೆ ನೋಡಲು ಅಂತಾದರೆ ಮುಂದೂಡಿ.

ಟಿಬೆಟನ್ ನಾಲ್ಕನೇ ತಿಂಗಳು ಸಾಗಾದಾವಾ. ಸಾಮಾನ್ಯವಾಗಿ ಮೇ–ಜೂನ್ ಆಸುಪಾಸು. ಆ ತಿಂಗಳು ತುಂಬ ಜನ ಮಾಂಸ ಬಿಡುತ್ತಾರೆ, ಪ್ರದಕ್ಷಿಣೆ ಹಾಕುವ ಹಿರಿಯರು ಜಾಸ್ತಿ ಕಾಣುತ್ತಾರೆ. ಶಾಂತವಾಗಿ ನೋಡುವವರಿಗೆ ಒಳ್ಳೆಯ ಕಾಲ. ಜುಲೈ 6 ದಲೈ ಲಾಮಾ ಅವರ ಹುಟ್ಟುಹಬ್ಬ, ಕ್ಯಾಂಪಿನಲ್ಲಿ ಹಾಡು, ಕುಣಿತ ಇರುತ್ತದೆ. ಮಾರ್ಚ್ 10 ಮಾತ್ರ ಬೇರೆ. 1959ರಲ್ಲಿ ಟಿಬೆಟಿನ ಲ್ಹಾಸಾದಲ್ಲಿ ಚೀನಾದ ವಿರುದ್ಧ ನಡೆದ ದಂಗೆಯನ್ನು ನೆನೆಯುವ ದಿನ ಅದು. ಅಂದು ಹೋದರೆ ಪ್ರವಾಸಿಯ ಉಮೇದು ಬದಿಗಿಟ್ಟು ಹೋಗಿ.

ಚಳಿಗಾಲದ ಒಂದು ಸಂಗತಿ ತುಂಬ ಜನಕ್ಕೆ ಗೊತ್ತಿಲ್ಲ. ಅಕ್ಟೋಬರ್ ದಾಟಿದ ಮೇಲೆ ಜನವರಿವರೆಗೆ ಹಲವು ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕೆ ಬೇರೆ ಊರುಗಳಿಗೆ ಹೋಗಿರುತ್ತವೆ. ನಿಮ್ಮ ಊರಿನ ಬಸ್‌ಸ್ಟ್ಯಾಂಡ್ ಹತ್ತಿರ ಚಳಿಗಾಲದಲ್ಲಿ ಸ್ವೆಟರ್ ಮಾರುವ ಟಿಬೆಟನ್ ಅಂಗಡಿಗಳನ್ನು ನೋಡಿರುತ್ತೀರಲ್ವಾ? ಅವರಲ್ಲಿ ಕೆಲವರ ಮನೆ ಇಲ್ಲೇ. ಆ ತಿಂಗಳುಗಳಲ್ಲಿ ಕ್ಯಾಂಪಿನಲ್ಲಿ ಉಳಿಯುವುದು ಹೆಚ್ಚಾಗಿ ಅಜ್ಜ, ಅಜ್ಜಿ, ಮಕ್ಕಳು. ಸಣ್ಣ ಹೋಟೆಲ್‌ಗಳಲ್ಲಿ ಕೆಲಸಕ್ಕೆ ಜನ ಕಡಿಮೆ ಇರಬಹುದು. ಊಟ ತಡವಾದರೆ ತಾಳ್ಮೆ ಇರಲಿ.

ದಲೈ ಲಾಮಾ ಬರುವ ಸಮಯವನ್ನೂ ವಿಚಾರಿಸಿಕೊಳ್ಳಿ. 2025ರ ಜನವರಿಯಲ್ಲಿ ಅವರು ಬೈಲಕುಪ್ಪೆಗೆ ಬಂದು ತಾಶಿ ಲ್ಹುನ್ಪೊ ಮಠದಲ್ಲಿ ತಂಗಿದ್ದರು. ಅಂಥ ದಿನಗಳಲ್ಲಿ ಕೋಣೆಗಳು ದೂರದಿಂದ ಬಂದ ಭಕ್ತರಿಗೆ ಬೇಕು, ತಪಾಸಣೆಯೂ ಬಿಗಿ. ಪ್ರವಚನ ಕೇಳುವ ಉದ್ದೇಶ ಇಲ್ಲದವರು ಆ ವಾರ ಜಾಗ ಬಿಟ್ಟುಕೊಡುವುದೇ ದೊಡ್ಡ ಸಹಾಯ.

ಹಂತ 3: ಪಾಸ್‌ಪೋರ್ಟ್ ಯಾವ ದೇಶದ್ದು ನೋಡಿ

ಭಾರತದ ನಾಗರಿಕರಿಗೆ ಯಾವ ಪರವಾನಗಿಯೂ ಬೇಡ. ಆಧಾರ್‌ನಂಥ ಗುರುತಿನ ಚೀಟಿ ಸಾಕು.

ವಿದೇಶಿ ಪಾಸ್‌ಪೋರ್ಟ್ ಇದ್ದವರು ಕ್ಯಾಂಪಿನೊಳಗೆ ರಾತ್ರಿ ತಂಗಬೇಕಾದರೆ ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್ ಬೇಕು. ಇದನ್ನು ಕೊಡುವುದು ಕೇಂದ್ರ ಗೃಹ ಸಚಿವಾಲಯ. ಇಲ್ಲಿ ಪದೇ ಪದೇ ಎಡವುವವರು ನಮ್ಮವರೇ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಸಿಗುವ ಓಸಿಐ ಕಾರ್ಡ್ ಇದ್ದರೆ ಸಾಕು, ನಾವು ಕನ್ನಡದವರೇ ಅಲ್ವಾ ಅಂದುಕೊಂಡು ಬರುತ್ತಾರೆ. ಓಸಿಐ ಇದ್ದರೂ ಪರ್ಮಿಟ್ ಬೇಕು. ಹುಟ್ಟಿದ್ದು ಪಿರಿಯಾಪಟ್ಟಣದಲ್ಲೇ ಆಗಿದ್ದರೂ ಕಾನೂನು ಪಾಸ್‌ಪೋರ್ಟನ್ನೇ ನೋಡುವುದು.

ಅರ್ಜಿ ಮುಗಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯಬಹುದು. ಟಿಕೆಟ್ ಬುಕ್ ಮಾಡುವಾಗಲೇ ಶುರು ಮಾಡಿ. ತಂಗಲು ಹೋಗುವ ಮಠ ಅಥವಾ ಕ್ಯಾಂಪಿನ ಆಡಳಿತ ನೋಡುವ ಸೆಟ್ಲ್‌ಮೆಂಟ್ ಆಫೀಸಿಗೆ ಬರೆದರೆ ಏನೇನು ಕಾಗದ ಬೇಕು ಅಂತ ಹೇಳುತ್ತಾರೆ. ಅಷ್ಟು ಸಮಯ ಇಲ್ಲದಿದ್ದರೆ ಕುಶಾಲನಗರದಲ್ಲಿ ತಂಗಿ, ಬೆಳಿಗ್ಗೆ ಬಂದು ಸಂಜೆ ಹೊರಡಿ. ಎಷ್ಟೋ ವಿದೇಶಿಯರು ಮಾಡುವುದು ಹಾಗೇ.

ಎಚ್ಚರಿಕೆ: "ಪರ್ಮಿಟ್ ಇಲ್ಲದಿದ್ದರೂ ಪರವಾಗಿಲ್ಲ, ರೂಮ್ ಕೊಡ್ತೀನಿ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಸಿಕ್ಕಿಬಿದ್ದಾಗ ನಿಮಗಿಂತ ಜಾಸ್ತಿ ತೊಂದರೆ ಆಗುವುದು ಮನೆ ಕೊಟ್ಟ ಟಿಬೆಟನ್ ಕುಟುಂಬಕ್ಕೆ. ಇಲ್ಲಿನ ಬಹಳಷ್ಟು ಟಿಬೆಟನ್ನರು ಕಾನೂನಿನ ಕಣ್ಣಲ್ಲಿ ಇಂದಿಗೂ ವಿದೇಶಿಯರು. ನೋಂದಣಿ ಪತ್ರದ ಮೇಲೆ ಬದುಕುವವರಿಗೆ ಪೊಲೀಸ್ ವಿಚಾರಣೆ ಸಣ್ಣ ಮಾತಲ್ಲ.

ಹಂತ 4: ಚೀಲ ಕಟ್ಟುವುದು

ತಲೆಗೊಂದು ನೀರಿನ ಬಾಟಲಿ, ಮತ್ತೆ ತುಂಬಿಸುವಂಥದ್ದು. ಎರಡು ಬಟ್ಟೆಚೀಲ: ಒಂದು ಖರೀದಿಗೆ, ಒಂದು ನಿಮ್ಮದೇ ಕಸಕ್ಕೆ. ತಿಂಡಿ ಒಯ್ಯುವುದಾದರೆ ಸ್ಟೀಲ್ ಡಬ್ಬಿಯಲ್ಲಿ. ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ, ಬೇಗ ಕಳಚಿ ಹಾಕಿಕೊಳ್ಳಲು ಬರುವ ಚಪ್ಪಲಿ. ಹತ್ತು, ಇಪ್ಪತ್ತು, ಐವತ್ತರ ಚಿಲ್ಲರೆ ನೋಟು. ಕೊಳ್ಳುವ ಮನಸ್ಸಿದ್ದರೆ ಒಂದು ಸಣ್ಣ ಭೂತಗನ್ನಡಿ. ಅದು ಯಾಕೆ ಅಂತ 8ನೇ ಹಂತದಲ್ಲಿ ಗೊತ್ತಾಗುತ್ತದೆ.

ಮನೆಯಲ್ಲೇ ಬಿಟ್ಟು ಬರಬೇಕಾದ್ದು: ಬ್ಲೂಟೂತ್ ಸ್ಪೀಕರ್, ಡ್ರೋನ್, ಪ್ಲಾಸ್ಟಿಕ್ ತಟ್ಟೆ–ಲೋಟ. ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಆದರೂ ಟೆಂಪೊ ಟ್ರಾವೆಲರ್‌ಗಳ ಡಿಕ್ಕಿಯಲ್ಲಿ ಅವು ಇನ್ನೂ ಬರುತ್ತಲೇ ಇವೆ. ಜೋಳದ ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಿ ಪುಳಿಯೋಗರೆ ತಿಂದು, ಎಲ್ಲವನ್ನೂ ಒಂದು ಕವರಿಗೆ ಕಟ್ಟಿ ಮರದ ಬುಡದಲ್ಲಿ ಇಟ್ಟು ಹೋಗುವವರಿದ್ದಾರೆ. ಕವರ್ ಕಟ್ಟಿದ್ದರಿಂದ ಸ್ವಚ್ಛ ಆಯಿತು ಅಂತ ಅವರ ಲೆಕ್ಕ. ನಾಯಿ, ಹಸು ಅದನ್ನು ಕಿತ್ತ ಮೇಲೆ ಹೊಲದಿಂದ ಒಂದೊಂದೇ ಆರಿಸುವುದು ಯಾರು?

ಹಂತ 5: ತಲುಪುವುದು

ಬೆಂಗಳೂರಿನಿಂದ ಸುಮಾರು 220 ಕಿ.ಮೀ., ಮೈಸೂರಿನಿಂದ 80. ಮಡಿಕೇರಿ, ಕುಶಾಲನಗರ ಕಡೆಯ ಸಾರಿಗೆ ಬಸ್ಸುಗಳು ಬೈಲಕುಪ್ಪೆ ಹಾದೇ ಹೋಗುತ್ತವೆ. ಹೆದ್ದಾರಿಯಲ್ಲಿ ಇಳಿದರೆ ಒಳಗೆ ಹೋಗಲು ಆಟೊ ಸಿಗುತ್ತದೆ. "ಗೋಲ್ಡನ್ ಟೆಂಪಲ್" ಅಥವಾ "ಫೋರ್ತ್ ಕ್ಯಾಂಪ್" ಅಂದರೆ ಸಾಕು. ಇಲ್ಲಿನ ಹಳ್ಳಿಗಳಿಗೆಲ್ಲ ಕ್ಯಾಂಪ್ ನಂಬರುಗಳೇ ಹೆಸರು.

ಬಸ್ಸಿನಲ್ಲಿ ಬಂದು ಆಟೊ ಹಿಡಿಯಿರಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಆಟೊ ಓಡಿಸುವವರು, ಹೊಲದಲ್ಲಿ ಕೂಲಿ ಮಾಡುವವರು, ಅಂಗಡಿ, ಹೋಟೆಲ್‌ಗಳಲ್ಲಿ ದುಡಿಯುವವರು ಎಷ್ಟೋ ಮಂದಿ ಸುತ್ತಮುತ್ತಲ ಕನ್ನಡದ ಹಳ್ಳಿಗಳವರು. ಟಿಬೆಟನ್ನರ ಬದುಕು ಮತ್ತು ಇವರ ಬದುಕು ದಶಕಗಳಿಂದ ಒಂದಕ್ಕೊಂದು ಹೆಣೆದುಕೊಂಡಿವೆ. ಪ್ರವಾಸದ ದುಡ್ಡು ಇಬ್ಬರಿಗೂ ಸಿಕ್ಕಿದರೆ ಮಾತ್ರ ಊರಿನ ಸೌಹಾರ್ದ ಚೆನ್ನಾಗಿರುತ್ತದೆ. ಆಟೊದವರ ಹತ್ತಿರ ಕಾದು ನಿಲ್ಲುವ ದುಡ್ಡನ್ನೂ ಮೊದಲೇ ಮಾತಾಡಿಕೊಂಡು ಅರ್ಧ ದಿನಕ್ಕೆ ಗೊತ್ತು ಮಾಡಿಕೊಳ್ಳಿ.

ಸ್ವಂತ ಗಾಡಿಯಲ್ಲೇ ಬರುವುದಾದರೆ ನಿಗದಿತ ಜಾಗದಲ್ಲಿ ನಿಲ್ಲಿಸಿ ನಡೆಯಿರಿ. ಕ್ಯಾಂಪಿನ ಒಳರಸ್ತೆಗಳಲ್ಲಿ ಜಪಮಣಿ ಎಣಿಸುತ್ತ ನಿಧಾನಕ್ಕೆ ಹೋಗುವ ಅಜ್ಜಿಯರಿರುತ್ತಾರೆ. ಹಿಂದಿನಿಂದ ಹಾರ್ನ್ ಹೊಡೆಯಬೇಡಿ, ಕಾಯಿರಿ.

ಹಂತ 6: ಗೊಂಪಾದ (ಮಠದ) ಒಳಗೆ

ಪ್ರದಕ್ಷಿಣೆ ನಮ್ಮ ದೇವಸ್ಥಾನದ ಹಾಗೇ, ಬಲಗಡೆಗೆ ಸುತ್ತು. ಸಾಲಾಗಿ ನಿಂತ ಪ್ರಾರ್ಥನಾ ಚಕ್ರಗಳನ್ನೂ ಹಾಗೇ ತಿರುಗಿಸುವುದು, ಬಲಗೈಯಿಂದ, ಮೆಲ್ಲಗೆ. ಮಕ್ಕಳು ಎಷ್ಟು ಜೋರಾಗಿ ತಿರುಗುತ್ತೆ ನೋಡೋಣ ಅಂತ ಬೀಸುತ್ತಾರೆ, ಹಿಂದೆ ಬರುವ ಹಿರಿಯರ ಕೈಗೆ ಪೆಟ್ಟಾಗುತ್ತದೆ. ಮಕ್ಕಳಿಗೆ ಒಳಗೆ ಹೋಗುವ ಮುಂಚೆಯೇ ಹೇಳಿ.

ಗೋಲ್ಡನ್ ಟೆಂಪಲ್ ಒಳಗೆ ನಡುವೆ ಶಾಕ್ಯಮುನಿ ಬುದ್ಧ, ಎರಡು ಬದಿಗೆ ಗುರು ಪದ್ಮಸಂಭವ ಮತ್ತು ದೀರ್ಘಾಯುಷ್ಯದ ಬುದ್ಧ ಅಮಿತಾಯುಸ್. ಚಪ್ಪಲಿ, ಟೋಪಿ ಹೊರಗೆ. ಕುಳಿತರೆ ಕಾಲು ಮಡಚಿ, ಪಾದ ಮೂರ್ತಿಯ ಕಡೆ ಚಾಚಬೇಡಿ. ಮೂರ್ತಿಗೆ ಬೆನ್ನು ಮಾಡಿ, ಮುಖ ಚೊಟ್ಟ ಮಾಡಿ ಸೆಲ್ಫಿ ತೆಗೆಯುವುದು ಅಲ್ಲಿನವರಿಗೆ ನಿಜಕ್ಕೂ ನೋವು ಕೊಡುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

ಪೂಜೆ ನಡೆಯುತ್ತಿರುವಾಗ ಒಳಗೆ ಬಿಡುವುದು ಬಿಡದಿರುವುದು ಆ ದಿನದ ಪೂಜೆಯ ಮೇಲೆ ಹೋಗುತ್ತದೆ. ಬಾಗಿಲಲ್ಲಿ ನಿಂತ ಭಿಕ್ಷುವನ್ನು ಕೇಳಿ. ಬಿಟ್ಟರೆ ಗೋಡೆ ಬದಿಗೆ ಕೂರಿ. ಸಾಲುಗಳ ನಡುವಿನ ಓಣಿಯಲ್ಲಿ ಮಾತ್ರ ಯಾವತ್ತೂ ನಿಲ್ಲಬೇಡಿ. ಮಂತ್ರ ನಡೆಯುವಾಗಲೇ ಎಳೆಯ ಭಿಕ್ಷುಗಳು ತಮ್ಮ ತೋಳಿನಷ್ಟೇ ದೊಡ್ಡ ಕೆಟಲ್ ಹಿಡಿದುಕೊಂಡು ಬರಿಗಾಲಲ್ಲಿ ಓಡುತ್ತ ಬಂದು, ಸಾಲಿಗೆಲ್ಲ ಬಿಸಿ ಚಹಾ ಸುರಿದುಕೊಂಡು ಹೋಗುತ್ತಾರೆ. ಒಂದು ಹನಿ ಚೆಲ್ಲುವುದಿಲ್ಲ. ಅಡ್ಡ ಬಂದರೆ ಚೆಲ್ಲುತ್ತದೆ.

ನೀವು ಇರಬಾರದ ಜಾಗದಲ್ಲಿದ್ದೀರಿ ಅನ್ನುವುದಕ್ಕೆ ಗುರುತುಗಳು: ಬಾಗಿಲ ಪರದೆ ಪೂರ್ತಿ ಇಳಿಬಿಟ್ಟಿದೆ, ನೆಲದಲ್ಲಿ ಹಾಸಿದ ಆಸನಗಳ ಮುಂದೆ ಬಿಚ್ಚಿದ ಪೋಥಿಗಳು, ಅಂದರೆ ಧರ್ಮಗ್ರಂಥಗಳಿವೆ, ಒಣಹಾಕಿದ ಕೆಂಪು ಬಟ್ಟೆ ಕಾಣುತ್ತಿದೆ. ಕೊನೆಯದು ಕಂಡರೆ ನೀವು ಹಾಸ್ಟೆಲ್ ಹೊಕ್ಕಿದ್ದೀರಿ. ಭಿಕ್ಷುಣಿಯರ ಮಠದ ಹತ್ತಿರ ಇನ್ನೂ ಹುಷಾರಾಗಿರಿ.

ಫೋಟೊ ವಿಷಯಕ್ಕೆ ಒಂದು ಗಟ್ಟಿ ನಿಯಮ ಸಾಕು. ಕಟ್ಟಡದ ಫೋಟೊ ಬೋರ್ಡ್ ನೋಡಿ, ಮನುಷ್ಯರ ಫೋಟೊ ಕೇಳಿ, ಪುಟ್ಟ ಭಿಕ್ಷುಗಳ ಫೋಟೊ ಬೇಡವೇ ಬೇಡ. ನಿಮ್ಮ ಮಗುವಿನ ಶಾಲೆಯ ಆಟದ ಮೈದಾನಕ್ಕೆ ಅಪರಿಚಿತರು ನುಗ್ಗಿ ಮೊಬೈಲ್ ಹಿಡಿದರೆ ಸುಮ್ಮನಿರುತ್ತೀರಾ? ಅವರನ್ನು ಕರೆದು ಚಾಕಲೇಟ್, ದುಡ್ಡು ಕೊಡುವುದೂ ಬೇಡ. ಕೈಚಾಚುವ ಅಭ್ಯಾಸ ಶುರುವಾಗುವುದು ಅಲ್ಲಿಂದಲೇ.

ಹಂತ 7: ಸೆರಾದ ವಾದದ ಅಂಗಳ

ಗೋಲ್ಡನ್ ಟೆಂಪಲ್ ನೋಡಿ ವಾಪಸ್ ಹೋಗುವವರು ತಪ್ಪಿಸಿಕೊಳ್ಳುವುದು ಸೆರಾ ಮಠವನ್ನು. ಇಲ್ಲಿ ಸೆರಾ ಜೆ, ಸೆರಾ ಮೆ ಅಂತ ಎರಡು ವಿದ್ಯಾಲಯಗಳು. ಬೌದ್ಧ ತತ್ವಶಾಸ್ತ್ರದ ಉನ್ನತ ಪದವಿಯಾದ ಗೆಶೆ ಪಡೆಯಲು ಹೆಚ್ಚುಕಮ್ಮಿ 20 ವರ್ಷ ಓದಬೇಕು. ಆ ಓದಿನ ಬೆನ್ನೆಲುಬು ವಾದ.

ಒಬ್ಬರು ನೆಲದ ಮೇಲೆ ಕೂತಿರುತ್ತಾರೆ, ಉತ್ತರ ಕೊಡುವವರು ಅವರು. ಎದುರಿಗೆ ನಿಂತವರು ಪ್ರಶ್ನೆ ಹಾಕುತ್ತಾರೆ. ಪ್ರಶ್ನೆಯ ಕೊನೆಗೆ ಬಲಗೈ ಹಿಂದಕ್ಕೆ ಎತ್ತಿ, ಎಡ ಅಂಗೈ ಮೇಲೆ ಚಟ್ ಅಂತ ಬಡಿದು, ಜೊತೆಗೇ ಎಡಗಾಲು ನೆಲಕ್ಕೆ ಅಪ್ಪಳಿಸುತ್ತಾರೆ. ಒಂದೇ ಅಂಗಳದಲ್ಲಿ ಹತ್ತಾರು ಜೋಡಿ ಹೀಗೆ ಮಾಡುವಾಗ ಮೊದಲ ಸಲ ನೋಡುವವರಿಗೆ ಜಗಳ ಅನಿಸುತ್ತದೆ. ನಡುನಡುವೆ ನಗುವೂ ಕೇಳಿಸುತ್ತದೆ. ಉತ್ತರ ಹೇಳಲು ತಡವರಿಸಿದವರನ್ನು ಸುತ್ತಲಿನವರು ಛೇಡಿಸುತ್ತಾರೆ.

ಸಮಯವನ್ನು ಮಾತ್ರ ಅದೇ ದಿನ ಸ್ಥಳದಲ್ಲೇ ಕೇಳಿಕೊಳ್ಳಿ. ಪರೀಕ್ಷೆ, ರಜೆ, ದೊಡ್ಡ ಪೂಜೆಗಳಿದ್ದಾಗ ವಾದ ಇರುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಕಂಡ ಸಮಯ ನಂಬಿ ಹೋದವರೇ ಖಾಲಿ ಅಂಗಳ ನೋಡುವುದು. ಸಿಕ್ಕಿದರೆ ಅಂಚಿನಲ್ಲಿ ಕೂರಿ, ಚಪ್ಪಾಳೆ ತಟ್ಟಬೇಡಿ, ಅವರ ಚಪ್ಪಾಳೆಯನ್ನು ಅನುಕರಿಸಿ ರೀಲ್ ಮಾಡಬೇಡಿ, ಫ್ಲ್ಯಾಶ್ ಬೇಡ. ಅರ್ಧ ಗಂಟೆ ಸುಮ್ಮನೆ ಕೂತರೆ ಭಾಷೆ ಗೊತ್ತಿಲ್ಲದೆಯೂ ಯಾರು ಗೆಲ್ಲುತ್ತಿದ್ದಾರೆ ಅಂತ ಅಂದಾಜಾಗುತ್ತದೆ.

ಹಂತ 8: ಊಟ ಮತ್ತು ಖರೀದಿ

ದುಡ್ಡು ನೇರವಾಗಿ ತಲುಪುವ ಜಾಗ ಊಟದ ಮೇಜು. ಗೋಲ್ಡನ್ ಟೆಂಪಲ್ ಎದುರಿನ ಮೊದಲ ಅಂಗಡಿ ಬಿಟ್ಟು ಸ್ವಲ್ಪ ಒಳಗೆ ನಡೆಯಿರಿ. ಮನೆಯವರೇ ನಡೆಸುವ ನಾಲ್ಕು ಮೇಜಿನ ಹೋಟೆಲ್‌ಗಳು ಸಿಗುತ್ತವೆ. ತೆಂತುಕ್ ಹೇಳಿದರೆ ಹಿಟ್ಟನ್ನು ಪಟ್ಟಿ ಮಾಡಿ, ಬೆರಳಲ್ಲೇ ಚೂರು ಚೂರು ಹರಿದು, ಕುದಿಯುವ ಸಾರಿಗೆ ಹಾಕುತ್ತಾರೆ. ಮೊಮೊ ಒಂದೊಂದೇ ಮಡಿಸಿ ಬೇಯಿಸಬೇಕು. ಇಪ್ಪತ್ತು ಜನ ಒಟ್ಟಿಗೆ ನುಗ್ಗಿ "ಬೇಗ ಕೊಡಿ" ಅಂದರೆ ಆಗುವುದಿಲ್ಲ. ಗುಂಪಾದರೆ ಮೊದಲೇ ಫೋನ್ ಮಾಡಿ ಅಥವಾ ಎರಡು ಮೂರು ಹೋಟೆಲ್‌ಗಳಿಗೆ ಹಂಚಿಕೊಳ್ಳಿ.

ಸಸ್ಯಾಹಾರಿಗಳು ಆರ್ಡರ್ ಮಾಡುವ ಮೊದಲೇ ಹೇಳಬೇಕು. ಶಾಪ್ತಾ, ಶಾಬಾಲೆ ಹೀಗೆ "ಶಾ" ಇದ್ದಲ್ಲಿ ಮಾಂಸ ಇದೆ ಅಂತ ತಿಳಿಯಿರಿ. ಎಷ್ಟೋ ಕಡೆ ದನದ ಮಾಂಸ ಇರುತ್ತದೆ. ತಿನ್ನದವರು ಮೊದಲೇ ಕೇಳಿ ಬಿಟ್ಟುಬಿಡಿ. ತಟ್ಟೆ ಬಂದ ಮೇಲೆ ಮುಖ ಸಿಂಡರಿಸುವುದು ಅಡುಗೆ ಮಾಡಿದವರಿಗೆ ಅವಮಾನ. ಟಿಂಗ್‌ಮೊ ಹಬೆಯಲ್ಲಿ ಬೆಂದ ಮೆತ್ತನೆ ಬ್ರೆಡ್, ಎಲ್ಲರಿಗೂ ಆಗುತ್ತದೆ. ಬೆಣ್ಣೆ ಚಹಾ ಉಪ್ಪುಪ್ಪಾಗಿರುತ್ತದೆ. ಸಿಹಿ ಅಂದುಕೊಂಡು ಕುಡಿದರೆ ಸೇರುವುದಿಲ್ಲ, ಸಾರು ಅಂದುಕೊಂಡು ಕುಡಿದರೆ ಇಷ್ಟವಾಗುತ್ತದೆ.

ಇನ್ನು ಖರೀದಿ. ಅಂಗಡಿ ಸಾಲಿನಲ್ಲಿ ಇರುವ ಎಷ್ಟೋ ಸಾಮಾನು ಇಲ್ಲಿ ಮಾಡಿದ್ದಲ್ಲ. ಕೀಚೈನ್, ಪ್ಲಾಸ್ಟಿಕ್ ಬುದ್ಧ, ಯಂತ್ರದಲ್ಲಿ ಒತ್ತಿದ ಬಟ್ಟಲು ಎಲ್ಲಿಂದಲೋ ಬಂದಿರುತ್ತವೆ. ಅಂಗಡಿಯವರಿಗೂ ಸಂಸಾರ ಇದೆ, ಕೊಂಡರೆ ತಪ್ಪೇನಿಲ್ಲ. ಕೈಕೆಲಸದವರಿಗೆ ತಲುಪಬೇಕು ಅಂತಿದ್ದರೆ ಮಾತ್ರ ಪರೀಕ್ಷೆ ಮಾಡಿ ಕೊಳ್ಳಬೇಕು.

ಥಂಕಾ, ಅಂದರೆ ಬಟ್ಟೆಯ ಮೇಲೆ ಬರೆದ ದೇವತೆಯ ಚಿತ್ರ: ಭೂತಗನ್ನಡಿ ಈಗ ಹೊರಗೆ ತೆಗೆಯಿರಿ. ದೇವತೆಯ ಕಣ್ಣಿನ ಹತ್ತಿರ ಹಿಡಿಯಿರಿ. ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು ಕಂಡರೆ ಮುದ್ರಣ. ಕುಂಚದ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗುತ್ತ ಹೋದರೆ ಕೈಯಲ್ಲಿ ಬರೆದದ್ದು. ಚಿನ್ನದ ಬಣ್ಣದ ಗೆರೆ ಬೆಳಕಿಗೆ ಓರೆ ಹಿಡಿದರೆ ತುಸು ಉಬ್ಬಿರುತ್ತದೆ. ಸಣ್ಣ ಥಂಕಾಕ್ಕೂ ವಾರಗಟ್ಟಲೆ ಕೆಲಸ ಬೇಕು. ಕೆಲವು ನೂರು ರೂಪಾಯಿಗೆ "ಕೈಯಲ್ಲಿ ಬರೆದದ್ದು" ಅಂದರೆ ನಂಬಬೇಡಿ.

ರತ್ನಗಂಬಳಿ: ತಿರುಗಿಸಿ ಹಿಂಬದಿ ನೋಡಿ. ಕೈಗಂಟಿನದಾದರೆ ಮುಂದಿನ ವಿನ್ಯಾಸ ಹಿಂದೆಯೂ ಅಷ್ಟೇ ಸ್ಪಷ್ಟ. ಅಂಚಿನ ದಾರದ ಕುಚ್ಚು ಗಂಬಳಿಯದೇ ನೂಲಿನ ಮುಂದುವರಿಕೆ ಆಗಿರುತ್ತದೆ. ಯಂತ್ರದ್ದಕ್ಕೆ ಕುಚ್ಚನ್ನು ಆಮೇಲೆ ಹೊಲಿದಿರುತ್ತಾರೆ. ಟಿಬೆಟನ್ ನೇಕಾರರು ಉಣ್ಣೆಯನ್ನು ಒಂದು ಕಂಬಿಗೆ ಸುತ್ತಿಕೊಂಡು ಸಾಲು ಮುಗಿಸಿ, ಕಂಬಿಯ ಉದ್ದಕ್ಕೂ ಚಾಕುವಿನಿಂದ ಸೀಳುತ್ತಾರೆ. ಮಗ್ಗ ನಡೆಯುತ್ತಿರುವ ಜಾಗ ಇದ್ದರೆ ಅಲ್ಲೇ ಹೋಗಿ ನೋಡಿ, ಅಲ್ಲೇ ಕೊಳ್ಳಿ. ಚೌಕಾಸಿ ಮಿತಿಯಲ್ಲಿರಲಿ.

ಪ್ರಾರ್ಥನಾ ಧ್ವಜ: ನೀಲಿ, ಬಿಳಿ, ಕೆಂಪು, ಹಸಿರು, ಹಳದಿ, ಈ ಸರದಿಯಲ್ಲೇ ಇರಬೇಕು. ಹತ್ತಿ ಬಟ್ಟೆಯದೇ ಕೇಳಿ. ಪಾಲಿಯೆಸ್ಟರ್ ಬಿಸಿಲಿಗೆ ಎಳೆಎಳೆಯಾಗಿ ಉದುರಿ ಮಣ್ಣಿಗೆ ಪ್ಲಾಸ್ಟಿಕ್ ಸೇರುತ್ತದೆ. ಮನೆಯ ಮಹಡಿ ಮೇಲೆ ಎತ್ತರದಲ್ಲಿ ಕಟ್ಟಿ. ಕೊಡಗಿನ ಬೆಟ್ಟದ ತುದಿಗೆ, ಕಾಡಿನ ಮರಕ್ಕೆ ಕಟ್ಟಿ ಬರಬೇಡಿ. ಅದರ ಮೇಲೆ ಮಂತ್ರ ಇದೆ, ಹಾಗಾಗಿ ನೆಲದಲ್ಲಿ ಹಾಸುವುದು, ಸೊಂಟಕ್ಕೆ ಕಟ್ಟುವುದು ತಪ್ಪು.

ಧೂಪವನ್ನು ಮಠದವರೇ ನಡೆಸುವ ಅಂಗಡಿಯಲ್ಲಿ ಕೊಳ್ಳಿ. ಕಡಿಮೆ ದುಡ್ಡಿಗೆ, ಮೋಸದ ಭಯ ಇಲ್ಲದೆ ಸಿಗುವ ವಸ್ತು ಇದೇ.

ಮುಟ್ಟಲೇಬಾರದ ಎರಡು: "ನೂರು ವರ್ಷ ಹಳೆಯದು" ಅನ್ನುವ ಮೂರ್ತಿ, ಪೋಥಿ, ಥಂಕಾ. ನಿಜವಾಗಿ ಹಳೆಯದಾದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ, ಸುಳ್ಳಾದರೆ ಮೋಸ ಹೋದಿರಿ. ಇನ್ನೊಂದು, ಕಾಡುಪ್ರಾಣಿಯ ಹಲ್ಲು, ಉಗುರು, ಚರ್ಮ ಮತ್ತು ಚಿರು ಅನ್ನುವ ಟಿಬೆಟನ್ ಜಿಂಕೆಯ ಉಣ್ಣೆಯಿಂದ ಮಾಡಿದ ಶಹತೂಶ್ ಶಾಲು. ಇವು ವನ್ಯಜೀವಿ ಕಾಯ್ದೆಯಡಿ ಅಪರಾಧ. 2006ರ ಜನವರಿಯಲ್ಲಿ ದಲೈ ಲಾಮಾ ಪ್ರಾಣಿಚರ್ಮ ತೊಡಬೇಡಿ ಅಂತ ತಮ್ಮ ಜನಕ್ಕೆ ಹೇಳಿದ ಮೇಲೆ ಟಿಬೆಟಿನೊಳಗೆ ಎಷ್ಟೋ ಮಂದಿ ತಲೆಮಾರಿನಿಂದ ಬಂದ ಹುಲಿ, ಚಿರತೆ ಚರ್ಮದ ಉಡುಪುಗಳನ್ನೇ ಸುಟ್ಟರು. ಅಂಥವರ ಹೆಸರಿನಲ್ಲಿ ಇಂಥದ್ದನ್ನು ಯಾರಾದರೂ ಮಾರಲು ಬಂದರೆ ಬೇಡ ಅಂದು ಮುಂದೆ ನಡೆಯಿರಿ. ರಸ್ತೆಬದಿಯ "ಟಿಬೆಟಿನ ಮೂಲಿಕೆ" ಕೂಡ ಬೇಡ. ಸೋವಾ ರಿಗ್ಪಾ, ಅಂದರೆ ಟಿಬೆಟನ್ ವೈದ್ಯಪದ್ಧತಿಯ ಚಿಕಿತ್ಸೆ ಬೇಕಾದವರಿಗೆ ಇಲ್ಲೇ ಮೆನ್‌ತ್ಸೀಖಾಂಗ್ ಅನ್ನುವ ವೈದ್ಯಸಂಸ್ಥೆಯ ಶಾಖೆ ಇದೆ. ಅದು ರೋಗಿಗಳ ಜಾಗ, ಸುಮ್ನೆ ನೋಡಲು ಹೋಗಬೇಡಿ.

ಹಂತ 9: ದಾನ

ತಪ್ಪು ಕ್ರಮ: ಬರುವಾಗ ಹಳೆ ಬಟ್ಟೆ ಮೂಟೆ ಕಟ್ಟಿ ತರುವುದು, ಎದುರಿಗೆ ಸಿಕ್ಕವರಿಗೆ ನೋಟು ಕೊಡುವುದು. ಹಳೆ ಬಟ್ಟೆ ವಿಂಗಡಿಸುವ ಕೆಲಸ ಅವರ ತಲೆಗೆ ಬೀಳುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಫೋನ್ ಅಥವಾ ಪತ್ರದ ಮೂಲಕ ಏನು ಬೇಕಾಗಿದೆ ಅಂತ ಕೇಳಿ. ವೃದ್ಧಾಶ್ರಮಕ್ಕೆ, ಆಸ್ಪತ್ರೆಗೆ, ಶಾಲೆಗೆ ಬೇಕಾದ್ದು ಬೇರೆ ಬೇರೆ. ಯಾರ ಹತ್ತಿರ ಕೇಳಬೇಕು ಗೊತ್ತಾಗದಿದ್ದರೆ ಸೆಟ್ಲ್‌ಮೆಂಟ್ ಆಫೀಸ್ ದಾರಿ ತೋರಿಸುತ್ತದೆ. ಆಮೇಲೆ ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೆ ಕಳಿಸಿ, ರಸೀದಿ ಪಡೆಯಿರಿ. ತೆರಿಗೆ ವಿನಾಯಿತಿ ಬೇಕಿದ್ದರೆ ಸಂಸ್ಥೆಗೆ ಅದರ ನೋಂದಣಿ ಇದೆಯಾ ಅಂತ ಮುಂಚೆಯೇ ವಿಚಾರಿಸಿ. ಮಠದಲ್ಲಿ ಬೆಣ್ಣೆದೀಪ ಹಚ್ಚಿಸುವುದು, ಭಿಕ್ಷುಗಳ ಊಟದ ಖರ್ಚಿಗೆ ಕೊಡುವುದು ಅಲ್ಲಿನವರೇ ಮಾಡುವ ದಾನದ ರೀತಿ. ಕೌಂಟರಿನಲ್ಲಿ ಸಣ್ಣ ಮೊತ್ತವನ್ನೂ ತೆಗೆದುಕೊಳ್ಳುತ್ತಾರೆ.

ಹೊರದೇಶದ ಕನ್ನಡಿಗರು ಗಮನಿಸಿ. ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ವಿದೇಶಿ ಪಾಸ್‌ಪೋರ್ಟ್, ಓಸಿಐ ಇರುವವರು ಕೊಟ್ಟರೆ ಆಗುತ್ತದೆ. ಅದನ್ನು ಪಡೆಯಲು ಆ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. ಕೇಳದೆ ದುಡ್ಡು ಹಾಕಿದರೆ ಸಂಸ್ಥೆಯೇ ಕಷ್ಟಕ್ಕೆ ಸಿಲುಕುತ್ತದೆ.

"ಒಂದು ವಾರ ಮಕ್ಕಳಿಗೆ ಇಂಗ್ಲಿಷ್ ಕಲಿಸ್ತೀನಿ" ಅನ್ನುವವರು ನಿಲ್ಲಿ. ವಾರಕ್ಕೊಬ್ಬ ಮೇಷ್ಟ್ರು 'ಎ ಫಾರ್ ಆ್ಯಪಲ್'ನಿಂದ ಶುರು ಮಾಡಿದರೆ ಮಕ್ಕಳಿಗೆ ಏನು ಬಂತು? ಅಕೌಂಟ್ಸ್, ಕಂಪ್ಯೂಟರ್, ಮಣ್ಣಿನ ಪರೀಕ್ಷೆ, ಮಳೆನೀರು ಕೊಯ್ಲು ಇಂಥ ಕೆಲಸ ಬರುತ್ತಿದ್ದರೆ, ಬಿಟ್ಟುಬಿಡದೆ ಮುಂದುವರಿಸುವ ಮನಸ್ಸಿದ್ದರೆ, ಅದನ್ನು ಆಫೀಸಿಗೆ ತಿಳಿಸಿ.

ಹಂತ 10: ಮಾತು

ಹಳೆ ತಲೆಮಾರಿನ ಎಷ್ಟೋ ಮಂದಿಗೆ ಕನ್ನಡ ಬರುತ್ತದೆ. ಹೊಲದ ಕೆಲಸ, ಸಂತೆ ವ್ಯಾಪಾರದಲ್ಲಿ ಕಲಿತ ಕನ್ನಡ ಅದು. ಇಂಗ್ಲಿಷ್‌ನಲ್ಲಿ ಶುರು ಮಾಡುವ ಬದಲು ಕನ್ನಡದಲ್ಲೇ ಮಾತಾಡಿಸಿ ನೋಡಿ, ಮುಖ ಅರಳುತ್ತದೆ. "ತಾಶಿ ದೆಲೆಕ್" ನಮಸ್ಕಾರ, "ಥುಕ್ ಜೆ ಚೆ" ಧನ್ಯವಾದ. ವಯಸ್ಸಾದ ಹೆಂಗಸರಿಗೆ ಅಮಾ-ಲಾ, ಗಂಡಸರಿಗೆ ಪಾ-ಲಾ, ಭಿಕ್ಷುಣಿಯರಿಗೆ ಅನಿ-ಲಾ. ನೆನಪಾಗದಿದ್ದರೆ ನಮ್ಮ ಅಮ್ಮಾ, ಅಣ್ಣ ಅಂದರೂ ಸಾಕು.

"ನೀವು ಚೀನಾದವರಾ?", "ನೇಪಾಳಿನಾ?" ಅಂತ ಕೇಳಬೇಡಿ. "ನಿಮ್ಮ ಹತ್ರ ಯಾವ ಕಾರ್ಡ್ ಇದೆ, ವಾಪಸ್ ಯಾವಾಗ ಹೋಗ್ತೀರಾ?" ಅನ್ನುವುದೂ ಬೇಡ. ಹುಟ್ಟಿ ಬೆಳೆದದ್ದು ಮೈಸೂರು ಜಿಲ್ಲೆಯಲ್ಲೇ ಆದ ಹುಡುಗನಿಗೆ ಈ ಪ್ರಶ್ನೆ ಹೇಗನಿಸಬೇಡ? ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಕೇಳಿಸಿಕೊಂಡದ್ದನ್ನು ಮುಖ, ಹೆಸರಿನ ಸಮೇತ ವೀಡಿಯೊ ಮಾಡಿ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಟಿಬೆಟಿನಲ್ಲಿ ಇನ್ನೂ ಬಂಧುಗಳಿರುವವರಿಗೆ ಇದರಿಂದ ಅಲ್ಲಿನವರಿಗೆ ತೊಂದರೆ ಆಗಬಹುದು ಅನ್ನುವ ಭಯ ಇರುತ್ತದೆ. ಕೇಳದೆ ಹಾಕಬೇಡಿ, ಬೇಡ ಅಂದರೆ ಯಾಕೆ ಅಂತ ಕೇಳಬೇಡಿ.

ಹೊರಡುವಾಗ

ಕಸದ ಚೀಲವನ್ನು ಕ್ಯಾಂಪಿನ ಡಬ್ಬಿಗೆ ಸುರಿಯದೆ ನಿಮ್ಮ ಊರಿಗೇ ಒಯ್ಯಿರಿ. ಸಣ್ಣ ಊರಿನ ಕಸದ ವ್ಯವಸ್ಥೆ ವಾರಾಂತ್ಯದ ಸಾವಿರಾರು ಜನರ ಬಾಟಲಿಗಳಿಗಾಗಿ ಮಾಡಿದ್ದಲ್ಲ. ಅತಿಥಿಗೃಹದಲ್ಲಿ ನೀರು ಹಿಡಿತದಲ್ಲಿ ಬಳಸಿ, ಬೇಸಿಗೆಯಲ್ಲಂತೂ ಇನ್ನೂ ಜಾಸ್ತಿ ಹಿಡಿತ ಇರಲಿ. ಚೆನ್ನಾಗಿ ಉಣಿಸಿದ ಸಣ್ಣ ಹೋಟೆಲ್ ಬಗ್ಗೆ ಮನೆಗೆ ಬಂದ ಮೇಲೆ ಮ್ಯಾಪಿನಲ್ಲಿ ನಾಲ್ಕು ಸಾಲು ಬರೆಯಿರಿ, ಕನ್ನಡದಲ್ಲೇ. ಮುಂದಿನವರು ಅದನ್ನು ನೋಡಿಯೇ ಒಳಗಿನ ಬೀದಿಗೆ ಬರುವುದು.

ಬೇರೆ ಕ್ಯಾಂಪ್‌ಗಳಿಗೂ ಇದೇ ಸರದಿ

ಬೈಲಕುಪ್ಪೆಯ ಜನಸಂದಣಿ ಬೇಡ ಅನ್ನುವವರಿಗೆ ಉತ್ತರ ಕನ್ನಡದ ಮುಂಡಗೋಡದಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳಿವೆ. ಹುಣಸೂರಿನ ಹತ್ತಿರ ಗುರುಪುರ, ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲೂ ನೆಲೆಗಳಿವೆ. ವಿದೇಶಿ ಪಾಸ್‌ಪೋರ್ಟಿನ ನಿಯಮ ಅಲ್ಲೂ ಒಂದೇ. ಈ ಕಡೆಗಳಲ್ಲಿ ಅಂಗಡಿ, ಹೋಟೆಲ್, ಕೋಣೆ ಎಲ್ಲ ಕಡಿಮೆ, ಹಾಗಾಗಿ ಫೋನ್ ಮಾಡದೆ ದೊಡ್ಡ ಗುಂಪು ಕಟ್ಟಿಕೊಂಡು ಹೋಗಬೇಡಿ. ಒಡೆಯರಪಾಳ್ಯದ ಸುತ್ತ ಕಾಡು, ರಸ್ತೆಯಲ್ಲಿ ಆನೆಗಳು ಓಡಾಡುತ್ತವೆ. ಕತ್ತಲಾಗುವ ಮೊದಲೇ ಕೊಳ್ಳೇಗಾಲ ಸೇರಿಕೊಳ್ಳುವಂತೆ ಹೊರಡಿ.